ಮಕ್ಕಳು ಬರೆದ ಕಥೆ: ತಿದ್ದುವ ಕೆಲಸವೂ ಅವರದೇ
ನಾಲ್ಕು, ಐದನೇ ತರಗತಿಯ ಮಕ್ಕಳಿಗೆ ತಮ್ಮ ಕಥೆಯ ತಪ್ಪು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ; ಬರೆಯದೆ ಬಿಟ್ಟಿದ್ದನ್ನೂ ಮನಸ್ಸು ತುಂಬಿಕೊಂಡು ಓದುತ್ತದೆ. ಆದ್ದರಿಂದ ಬರೆದ ದಿನವೇ ತಿದ್ದಿಸದೆ, ಒಂದೆರಡು ದಿನ ಬಿಟ್ಟು ಗಟ್ಟಿಯಾಗಿ ಓದಿಸುವುದು ಒಳ್ಳೆಯದು. ಮೊದಲ ಸುತ್ತು ಕಥೆಗೇ ಮೀಸಲು. ‘ಅಜ್ಜಿ ಸಂತೆಗೆ ಹೋದಳು. ಆಮೇಲೆ ಮಳೆ ಬಂತು. ಆಮೇಲೆ ನಾಯಿ ಕಳೆದುಹೋಯಿತು’ ಎಂದು ಬರೆದ ಮಗುವನ್ನು ‘ನಾಯಿ ಓಡಿದ್ದು ಯಾಕೆ?’ ಎಂದು ಕೇಳಿದರೆ ಸಾಕು, ಗುಡುಗು ಕಥೆಯೊಳಗೆ ಬರುತ್ತದೆ, ಒಂದು ‘ಆಮೇಲೆ’ ಉದುರುತ್ತದೆ. ಹೀಗೆ ಸೇರಿಸಲು ಜಾಗ ಬೇಕು. ಅದಕ್ಕಾಗಿ ಮೊದಲ ಪ್ರತಿಯನ್ನು ಸಾಲು ಬಿಟ್ಟು ಸಾಲು ಬರೆಸಬೇಕು.

ಕಾಗುಣಿತ ಎರಡನೇ ಸುತ್ತಿನದು. ಅಮೆರಿಕದ ಶಿಕ್ಷಣ ಸಂಶೋಧಕ ಡೊನಾಲ್ಡ್ ಗ್ರೇವ್ಸ್ 1983ರ ತಮ್ಮ ಪುಸ್ತಕದಲ್ಲಿ ಪ್ರತಿಪಾದಿಸಿದ್ದೂ ಇದೇ ಕ್ರಮವನ್ನು. ಒತ್ತಕ್ಷರ, ದೀರ್ಘ, ಅಕಾರ–ಹಕಾರ, ಲ–ಳ ಎಲ್ಲವನ್ನೂ ಒಟ್ಟಿಗೆ ಹುಡುಕಿಸಿದರೆ ಮಗು ಸೋಲುತ್ತದೆ. ಒಮ್ಮೆಗೆ ಒಂದೇ ಸಾಕು. ಪುಟದ ತುಂಬ ಕೆಂಪು ಶಾಯಿ ಖಂಡಿತ ಬೇಡ: ಅದಕ್ಕೆ ಹೆದರಿದ ಮಕ್ಕಳು ಗೊತ್ತಿರುವ ಪದಗಳನ್ನಷ್ಟೇ ಬಳಸಿ ಕಥೆಯನ್ನೇ ಮೊಟಕುಗೊಳಿಸುತ್ತಾರೆ. ತಪ್ಪಿರುವ ಸಾಲಿನ ಅಂಚಿನಲ್ಲಿ ಶಿಕ್ಷಕರು ಪೆನ್ಸಿಲಿನಿಂದ ಚುಕ್ಕೆ ಇಟ್ಟರೆ, ತಪ್ಪು ಹುಡುಕುವ ಕೆಲಸ ಮಗುವಿಗೇ ಉಳಿಯುತ್ತದೆ.