ಆಕಾಶಕ್ಕೆ ಎಂಟು ಪಾಲು: ಮೋಡ ಅಳೆಯಲು ಕಲಿಯೋಣ



ಏಪ್ರಿಲ್ 24ರ ಸುಮಾರಿಗೆ ನಡು ಮಧ್ಯಾಹ್ನ ಕೆಂಗೇರಿಯ ಬಯಲಿನಲ್ಲಿ ಒಂದು ಕೋಲು ನೆಟ್ಟು ನೋಡಿ. ಅದಕ್ಕೆ ನೆರಳೇ ಇರುವುದಿಲ್ಲ. ಸೂರ್ಯ ನೇರವಾಗಿ ನೆತ್ತಿಯ ಮೇಲಿರುತ್ತಾನೆ. ಆಗಸ್ಟ್ 18ರ ಸುಮಾರಿಗೆ ಆತ ಮತ್ತೊಮ್ಮೆ ಅದೇ ಜಾಗಕ್ಕೆ ಬರುತ್ತಾನೆ. ಎರಡು ಸಲವೂ ಸೂರ್ಯ ಅಷ್ಟೇ ಎತ್ತರದಲ್ಲಿದ್ದಾನೆ. ಆದರೂ ಬೆಂಗಳೂರಿನಲ್ಲಿ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶ ಏಪ್ರಿಲ್‌ನಲ್ಲಿ ಸುಮಾರು 34 ಡಿಗ್ರಿ, ಆಗಸ್ಟ್‌ನಲ್ಲಿ ಸುಮಾರು 28 ಡಿಗ್ರಿ. ಈ ಆರು ಡಿಗ್ರಿಯನ್ನು ಇಳಿಸಿದವರು ಯಾರು? ಮುಖ್ಯವಾಗಿ ಮುಂಗಾರಿನ ಮೋಡ. ಅದರ ಜೊತೆಗೆ ಮಳೆ ಮತ್ತು ಒದ್ದೆ ನೆಲ.

ನಮ್ಮ ಎಚ್.ಎಫ್. ಮಿಶ್ರತಳಿ ಹಸುಗಳಿಗೆ 25-26 ಡಿಗ್ರಿ ದಾಟಿದರೆ ಸೆಕೆಯ ಬಾಧೆ ಶುರುವಾಗುತ್ತದೆ. ಮೇವು ತಿನ್ನುವುದು ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ. ಆದ್ದರಿಂದ ಮೋಡದ ಲೆಕ್ಕವು ನಮ್ಮ ಹಾಲಿನ ಲೆಕ್ಕವೂ ಹೌದು.

ಅಳೆಯುವ ಕ್ರಮ

ಹವಾಮಾನ ವೀಕ್ಷಣಾಲಯಗಳಲ್ಲಿ ಆಕಾಶವನ್ನು ಎಂಟು ಪಾಲು ಮಾಡಿ, ಎಷ್ಟು ಪಾಲು ಮೋಡ ಮುಚ್ಚಿದೆ ಎಂದು ಬರೆಯುತ್ತಾರೆ. ಈ ಅಳತೆಗೆ 'ಆಕ್ಟಾ' ಎಂದು ಹೆಸರು. ಇದಕ್ಕೆ ಯಾವ ಯಂತ್ರವೂ ಬೇಡ, ಕಣ್ಣು ಸಾಕು.

1. ಮರ, ಮನೆಗಳ ಮರೆಯಿಲ್ಲದ ಬಯಲಿನಲ್ಲಿ ನಿಲ್ಲಿ. ಸೂರ್ಯನನ್ನು ನೇರವಾಗಿ ನೋಡಬೇಡಿ.
2. ಆಕಾಶವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ. ಒಂದೊಂದು ಭಾಗಕ್ಕೆ ಎರಡು ಪಾಲು.
3. ಪ್ರತಿ ಭಾಗದಲ್ಲಿ ಮೋಡ ಎಷ್ಟಿದೆ ಎಂದು ಅಂದಾಜು ಮಾಡಿ: ಇಲ್ಲದಿದ್ದರೆ 0, ಅರ್ಧದಷ್ಟಿದ್ದರೆ 1, ಪೂರ್ತಿ ಇದ್ದರೆ 2. ನಾಲ್ಕನ್ನೂ ಕೂಡಿರಿ.
4. ಒಂದು ತುಣುಕು ಮೋಡವಿದ್ದರೂ 0 ಬರೆಯಬಾರದು, 1 ಎಂದು ಬರೆಯಿರಿ. ಒಂದು ಕಿಂಡಿಯಷ್ಟು ನೀಲಿ ಕಂಡರೂ 8 ಬರೆಯಬಾರದು, 7 ಎಂದು ಬರೆಯಿರಿ.
5. ದಿಗಂತದ ಬಳಿ ಮೋಡಗಳ ಪಕ್ಕೆಯೂ ಕಾಣುವುದರಿಂದ ಅವು ಇರುವುದಕ್ಕಿಂತ ದಟ್ಟವಾಗಿ ತೋರುತ್ತವೆ. ಅಲ್ಲಿ ಮೋಸ ಹೋಗಬೇಡಿ.

ಹವಾಮಾನ ವರದಿಯಲ್ಲಿ 'ಭಾಗಶಃ ಮೋಡ' ಎಂದರೆ 3-4 ಪಾಲು. 'ಸಾಮಾನ್ಯವಾಗಿ ಮೋಡ ಕವಿದ ಆಕಾಶ' ಎಂದರೆ 5ರಿಂದ 7 ಪಾಲು. ನೀವು ಹೇಗೂ ದಿನಕ್ಕೆರಡು ಸಲ ಡೇರಿಗೆ ಹಾಲು ಹಾಕಲು ಹೋಗುತ್ತೀರಿ. ಆಗ ಒಮ್ಮೆ ತಲೆಯೆತ್ತಿ ನೋಡಿ, ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೀಟರ್ ಪಕ್ಕದಲ್ಲಿ ಮೋಡದ ಅಂಕಿಯನ್ನೂ ಬರೆದಿಡಿ. ಒಂದು ವರ್ಷ ಬರೆದರೆ ನಿಮ್ಮ ಕೊಟ್ಟಿಗೆಗೆ ಯಾವ ತಿಂಗಳು ಕಷ್ಟದ್ದೆಂದು ನಿಮಗೇ ತಿಳಿಯುತ್ತದೆ.

ಹಗಲಿಗೆ ಕೊಡೆ, ರಾತ್ರಿಗೆ ಕಂಬಳಿ

ಹಗಲಿನಲ್ಲಿ ಮೋಡ ಬಿಸಿಲನ್ನು ಮೇಲಕ್ಕೇ ತಿರುಗಿಸಿ ಕಳುಹಿಸುತ್ತದೆ. ರಾತ್ರಿ ನೆಲದಿಂದ ಮೇಲೇರುವ ಶಾಖವನ್ನು ತಡೆದು ಕೆಳಕ್ಕೆ ಮರಳಿಸುತ್ತದೆ. ಆದ್ದರಿಂದಲೇ ಡಿಸೆಂಬರ್, ಜನವರಿಯ ತಿಳಿ ಆಕಾಶದ ರಾತ್ರಿಗಳಲ್ಲಿ ಚಳಿ ಹೆಚ್ಚು, ಇಬ್ಬನಿ ಹೆಚ್ಚು. ಸಂಜೆ ಮೋಡ 0 ಅಥವಾ 1 ಇದ್ದರೆ ಎಳೆಗರುಗಳ ಕೆಳಗೆ ಒಣಹುಲ್ಲು ಹಾಸಿ, ಗಾಳಿ ಬೀಸುವ ಕಡೆ ಗೋಣಿತಾಟು ಕಟ್ಟಿರಿ.

ಬೇಸಿಗೆಯ ಕೊನೆಯಲ್ಲಿ ಮೋಡ ಕವಿದು ಗಾಳಿಯಾಡದ ರಾತ್ರಿ ಇದಕ್ಕೆ ವಿರುದ್ಧ. ಹಗಲಿನ ಶಾಖವನ್ನು ಹೊರಹಾಕಲು ಹಸುವಿಗೆ ಸಾಧ್ಯವಾಗುವುದಿಲ್ಲ. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ಬಾಧೆಯ ಲಕ್ಷಣ. ಇಂತಹ ವೇಳೆ ಮೈಮೇಲೆ ನೀರು ಎರಚಿದರಷ್ಟೇ ಸಾಲದು, ಗಾಳಿಯೂ ಬೇಕು. ಕೊಟ್ಟಿಗೆಯ ಪಕ್ಕಗಳನ್ನು ತೆರೆದಿಡಿ. ಫ್ಯಾನ್ ಇದ್ದರೆ ಹಾಕಿ. ಕುಡಿಯುವ ನೀರು ಸದಾ ಇರಲಿ.

ಹುಲ್ಲು ಉಳಿಸಿಕೊಳ್ಳಲು

ನಮ್ಮಲ್ಲಿ ರಾಗಿ ಕೊಯ್ಲಿನ ಹೊತ್ತಿಗೇ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳಾಗುತ್ತವೆ. ಮೊದಲು ಆರು ಕಿಲೋಮೀಟರಿಗೂ ಮೇಲೆ ಗರಿಯಂತಹ ಬಿಳಿ ಮೋಡ ಬರಬಹುದು. ಬಳಿಕ ತೆಳು ಪರದೆಯಂತೆ ಹರಡಿ, ಚಂದ್ರನ ಸುತ್ತ ಬಳೆ ಕಾಣಬಹುದು. ಆಮೇಲೆ ಮೋಡ ದಪ್ಪವಾಗಿ ಕೆಳಗಿಳಿದು ಜಡಿಮಳೆ ಹಿಡಿಯುತ್ತದೆ. ಪ್ರತಿಸಲವೂ ಹೀಗೆಯೇ ಆಗುತ್ತದೆಂದಲ್ಲ. ಆದರೆ ಬೆಳಗ್ಗೆ 2 ಇದ್ದ ಅಂಕಿ ಸಂಜೆಗೆ 6 ಆಗಿ, ಮೋಡವೂ ಕೆಳಗಿಳಿಯುತ್ತಿದ್ದರೆ, ಆಕಾಶವಾಣಿಯ ವರದಿ ಅಥವಾ ಮೇಘದೂತ್ ಆ್ಯಪ್ ನೋಡಿ ಹೊಲದಲ್ಲಿರುವುದನ್ನು ಬೇಗ ಒಟ್ಟಿ ಟಾರ್ಪಾಲು ಹೊದಿಸಿರಿ.

ನೆನೆದ ರಾಗಿಹುಲ್ಲಿಗೆ ಬೂಷ್ಟು ಹಿಡಿಯುತ್ತದೆ. ಒದ್ದೆಯಾದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆಯುವ ಬೂಷ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ಹಸುವಿನ ಹೊಟ್ಟೆ ಸೇರಿ ಹಾಲಿಗೂ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಬೂಷ್ಟು ಹಿಡಿದದ್ದನ್ನು ಹಾಕಲೇಬೇಡಿ. ಮೋಡದ ದಿನಗಳೇ ಮುಂದುವರಿದರೆ ಹಸಿರು ಜೋಳವನ್ನು ಒಣಗಿಸುವ ಆಸೆ ಬಿಟ್ಟು ರಸಮೇವು ಮಾಡುವುದು ಲಾಭಕರ.

ಭೂಮಿಯ ಲೆಕ್ಕ

ಭೂಮಿಯ ಸುಮಾರು ಮೂರರಲ್ಲಿ ಎರಡು ಪಾಲನ್ನು ಯಾವಾಗಲೂ ಮೋಡ ಮುಚ್ಚಿರುತ್ತದೆ. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ನಮ್ಮ ಇನ್ಸಾಟ್ ಉಪಗ್ರಹಗಳು ಇದನ್ನು ಚಿತ್ರಿಸುತ್ತಿವೆ. ಅವುಗಳಲ್ಲಿ ಇನ್ಸಾಟ್-3ಡಿಎಸ್ 2024ರ ಫೆಬ್ರವರಿಯಲ್ಲಿ ಹಾರಿತು. ತಗ್ಗಿನ ದಪ್ಪ ಮೋಡ ಭೂಮಿಯನ್ನು ತಂಪು ಮಾಡುತ್ತದೆ. ಎತ್ತರದ ತೆಳು ಮೋಡ ಬಿಸಿಲನ್ನು ಒಳಬಿಟ್ಟು ಶಾಖವನ್ನು ಹಿಡಿದಿಡುತ್ತದೆ. ಕೂಡಿ ಕಳೆದರೆ ಮೋಡದಿಂದ ಭೂಮಿಗೆ ತಂಪೇ ಹೆಚ್ಚು. ಆದರೆ ಭೂಮಿ ಬಿಸಿಯಾದಂತೆ ಮೋಡಗಳಲ್ಲಾಗುವ ಬದಲಾವಣೆ ಒಟ್ಟಿನಲ್ಲಿ ಆ ಬಿಸಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ ಎಂದು ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮಿತಿ 2021ರಲ್ಲಿ ತಿಳಿಸಿದೆ.

ಕರ್ನಾಟಕದಲ್ಲಿ 2017ರ ಆಗಸ್ಟ್‌ನಲ್ಲಿ 'ವರ್ಷಧಾರೆ' ಎಂಬ ಮೋಡ ಬಿತ್ತನೆ ನಡೆಯಿತು. ಬಿತ್ತನೆಗೂ ತಕ್ಕ ಮೋಡ ಮೊದಲೇ ಇರಬೇಕು. ಇಲ್ಲದ ಮೋಡವನ್ನು ಯಾವ ವಿಮಾನವೂ ತರಲಾರದು. ಮೋಡ ನಮ್ಮ ಕೈಯಲ್ಲಿಲ್ಲ. ಕೊಟ್ಟಿಗೆಯ ನೆರಳು, ಬಣವೆಯ ಹೊದಿಕೆ, ಕರುವಿನ ಹಾಸು ನಮ್ಮ ಕೈಯಲ್ಲಿವೆ. ಸದಸ್ಯರು ನಾಳೆ ಬೆಳಗಿನಿಂದಲೇ ಮೋಡದ ಅಂಕಿ ಬರೆಯಲು ಆರಂಭಿಸಿ, ಮನೆಯ ಮಕ್ಕಳಿಗೂ ಕಲಿಸಬೇಕಾಗಿ ವಿನಂತಿ.