ಮಾತ್ರೆ ಬಿಟ್ಟು ವಿಪಶ್ಯನ ಶಿಬಿರಕ್ಕೆ ಹೋಗಲೇ?

ಪ್ರಶ್ನೆ: ನನಗೆ 34 ವರ್ಷ, ಐಟಿ ಉದ್ಯೋಗಿ. ಪ್ಯಾನಿಕ್ ಅಟ್ಯಾಕ್‌ಗೆ ಒಂದು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅದನ್ನು ನಿಲ್ಲಿಸಿ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಬಹುದೇ?

ಉತ್ತರ: ಧ್ಯಾನ ಕಲಿಯಿರಿ, ಆದರೆ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು ಕಾಡಬಹುದು, ಗಾಬರಿ ಮರುಕಳಿಸಬಹುದು. ನಿಮ್ಮ ಮನೋವೈದ್ಯರೇ ಹಂತಹಂತವಾಗಿ ಕಡಿಮೆ ಮಾಡಲಿ.

ವಿಪಶ್ಯನ ಗುರು ಗೋಯೆಂಕಾ ಅವರ ಪರಂಪರೆಯ ಶಿಬಿರದಲ್ಲಿ ಬೆಳಗಿನ ನಾಲ್ಕಕ್ಕೇ ಏಳಬೇಕು. ದಿನಕ್ಕೆ ಸುಮಾರು ಹತ್ತು ಗಂಟೆ ಧ್ಯಾನ, ಜೊತೆಗೆ ಮೌನ, ಫೋನೂ ಕೈಯಲ್ಲಿರುವುದಿಲ್ಲ. ಎದೆ ಡವಗುಟ್ಟಿದರೇ ಹೆದರುವವರು ದಿನವಿಡೀ ಮೈಯ ಸಂವೇದನೆಗಳನ್ನೇ ಗಮನಿಸುತ್ತ ಕೂತರೆ ಗಾಬರಿ ಕೆರಳಲೂಬಹುದು. ಸದ್ಯಕ್ಕೆ ಶಿಬಿರ ಬೇಡವೆಂದೇ ನನ್ನ ಅಭಿಪ್ರಾಯ. ಮುಂದೆ ಹೋಗುವುದಾದರೆ ಅರ್ಜಿಯಲ್ಲಿ ಕಾಯಿಲೆ, ಔಷಧ ಎರಡನ್ನೂ ಮುಚ್ಚಿಡದೆ ಬರೆಯಿರಿ.

ಈಗ ಮನೆಯಲ್ಲೇ ಆನಾಪಾನ, ಅಂದರೆ ಉಸಿರನ್ನು ಗಮನಿಸುವ ಧ್ಯಾನ, ಸಾಕು. ಲ್ಯಾಪ್‌ಟಾಪ್ ತೆರೆಯುವ ಮುನ್ನ ಹತ್ತು ನಿಮಿಷ, ಮೂಗಿನ ಹೊಳ್ಳೆಯಲ್ಲಿ ಉಸಿರು ಬಂದುಹೋಗುವುದನ್ನು ಗಮನಿಸಿ. ಉಸಿರನ್ನು ಎಳೆಯಬೇಡಿ, ಹಿಡಿಯಬೇಡಿ. ಗಾಬರಿಯಾದರೆ ಕಣ್ತೆರೆದು, ಅಂಗಾಲು ನೆಲಕ್ಕೂರಿ, ಎದ್ದು ನಿಧಾನ ನಡೆಯಿರಿ. ಇದು ಧ್ಯಾನ ತಪ್ಪಿಸಿದಂತಲ್ಲ. ನಡೆಯುವಾಗಿನ ಎಚ್ಚರವನ್ನೂ ಬುದ್ಧನ ಉಪದೇಶವಾದ ‘ಸತಿಪಟ್ಠಾನ ಸುತ್ತ’ ಹೇಳುತ್ತದೆ.

ರಾತ್ರಿಗಟ್ಟಲೆ ನಿದ್ದೆ ಬಾರದಿದ್ದರೆ, ಇಲ್ಲದ ಧ್ವನಿಗಳು ಕೇಳಿಸಿದರೆ, ಸಾಯುವ ಯೋಚನೆ ಬಂದರೆ ಧ್ಯಾನ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ. ಅಪರಾತ್ರಿಯಾದರೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.