ಹೂದಾನಿಯ ಹೂ ಬೇಗ ಬಾಡದಿರಲು

ಹಬ್ಬಕ್ಕೆಂದು ತಂದ ಗುಲಾಬಿ ಎರಡೇ ದಿನಕ್ಕೆ ಕತ್ತು ಬಗ್ಗಿಸಿದರೆ ‘ಹಳೇ ಹೂ ಕೊಟ್ಟುಬಿಟ್ಟ’ ಎಂದು ಮಾರಿದವನನ್ನು ಬೈಯುತ್ತೇವೆ. ಬೈಯುವ ಮುಂಚೆ ದಂಟನ್ನು ಹೂದಾನಿಯಿಂದ ಎತ್ತಿ, ಅದರ ತುದಿಯನ್ನು ಬೆರಳಿನಿಂದ ಸವರಿ ನೋಡಿ. ಲೋಳೆಲೋಳೆಯಾಗಿದ್ದರೆ ತಪ್ಪು ನೀರಿನದು. ಕೊಳೆತ ನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ದಂಟಿನೊಳಗಿನ ಸೂಕ್ಷ್ಮ ಕೊಳವೆಗಳನ್ನು ಕಟ್ಟಿಬಿಡುತ್ತದೆ. ನೀರಿನಲ್ಲೇ ನಿಂತಿದ್ದರೂ ಹೂ ಬಾಯಾರಿ ಬಾಡುತ್ತದೆ.

ಕೊಳ್ಳುವಾಗಲೇ ಎಚ್ಚರ ಬೇಕು. ಪೂರ್ತಿ ಅರಳಿದ್ದು ಚೆಂದ ಕಂಡರೂ ಅದರ ಆಯಸ್ಸು ಅರ್ಧ ಮುಗಿದಿರುತ್ತದೆ. ಸುಗಂಧರಾಜದ ಕಡ್ಡಿಯಾದರೆ ಕೆಳಗಿನ ಎರಡು ಮೂರು ಹೂ ಬಿರಿದು, ಮೇಲಿನವೆಲ್ಲ ಮೊಗ್ಗಾಗಿರುವುದನ್ನು ಆರಿಸಿ. ಹೂದಾನಿಗೆ ಸುತ್ತು ಸುತ್ತಾಗಿ ಎಸಳಿರುವ ಸುಗಂಧರಾಜವೇ ಒಳ್ಳೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಸುವಾಸಿನಿ’ ಅಂಥ ತಳಿ. ಅಲ್ಲಿನದೇ ‘ಪ್ರಜ್ವಲ್’ ಒಂದೇ ಸುತ್ತಿನ ಎಸಳಿನದು, ಹಾರಕ್ಕೆ ಹೇಳಿಮಾಡಿಸಿದ್ದು.

ಮನೆಗೆ ಬಂದ ಕೂಡಲೇ ಹೂದಾನಿಯನ್ನು ಸೋಪು ಹಾಕಿ ಉಜ್ಜಿ ತೊಳೆಯಿರಿ. ನೀವು ನೀರು ಕುಡಿಯುವ ಲೋಟದಷ್ಟು ಸ್ವಚ್ಛವಾಗಿರಲಿ. ಆಮೇಲೆ ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಕಿತ್ತುಹಾಕಿ, ಮೊದಲು ಕೊಳೆಯುವುದು ಅವೇ.

ಇನ್ನು ಕತ್ತರಿಸುವುದು. ಮೊಂಡು ಕತ್ತರಿ ದಂಟನ್ನು ಹಿಚುಕುತ್ತದೆ. ಹರಿತವಾದ ಚಾಕು ತೆಗೆದುಕೊಂಡು ತುದಿಯಿಂದ ಎರಡು ಮೂರು ಸೆಂಟಿಮೀಟರ್ ಓರೆಯಾಗಿ ಕೊಯ್ಯಿರಿ. ಓರೆಯಾಗಿದ್ದರೆ ದಂಟು ಹೂದಾನಿಯ ತಳಕ್ಕೆ ಒತ್ತಿಕೊಂಡು ಮುಚ್ಚಿಹೋಗುವುದಿಲ್ಲ. ಬಕೆಟ್ಟಿನ ನೀರಿನೊಳಗೇ ಕೊಯ್ದರೆ ಇನ್ನೂ ಉತ್ತಮ, ಕೊಳವೆಗೆ ಗಾಳಿ ಗುಳ್ಳೆ ಸೇರುವುದಿಲ್ಲ.

ನೀರಿಗೆ ಸಕ್ಕರೆ ಹಾಕಬೇಕೇ? ಬರೀ ಸಕ್ಕರೆ ಹಾಕಿದರೆ ಹೂವಿಗಿಂತ ಹೆಚ್ಚಾಗಿ ಬ್ಯಾಕ್ಟೀರಿಯಾಕ್ಕೇ ಊಟ ಬಡಿಸಿದಂತೆ. ಹಾಕುವುದಾದರೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸಕ್ಕರೆ, ಎರಡು ಟೀ ಚಮಚ ನಿಂಬೆರಸ, ಬಟ್ಟೆಗೆ ಬಳಸುವ ಬ್ಲೀಚ್ ದ್ರಾವಣದ ಕೆಲವೇ ಹನಿ. ಬ್ಲೀಚನ್ನೂ ನಿಂಬೆರಸವನ್ನೂ ನೀರಿಲ್ಲದೆ ನೇರವಾಗಿ ಬೆರೆಸಲೇಬೇಡಿ, ವಿಷಾನಿಲ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದ್ಯಾವುದೂ ಬೇಡ. ದಿನಕ್ಕೊಮ್ಮೆ ನೀರು ಬದಲಿಸಿ, ಎರಡು ದಿನಕ್ಕೊಮ್ಮೆ ತುದಿ ಕೊಯ್ದರೆ ಧಾರಾಳ ಸಾಕು. ಜರ್ಬೆರಾಕ್ಕೆ ಮಾತ್ರ ನಾಲ್ಕು ಬೆರಳಿನಷ್ಟೇ ನೀರಿರಲಿ. ಅದರ ಮೆತ್ತನೆಯ ದಂಟು ಹೆಚ್ಚು ನೀರಿನಲ್ಲಿ ಕೊಳೆಯುತ್ತದೆ.

ಹೂದಾನಿಯನ್ನು ಫ್ಯಾನಿನ ಕೆಳಗಾಗಲಿ, ಬಿಸಿಲು ಬೀಳುವ ಕಿಟಕಿಯಲ್ಲಾಗಲಿ ಇಡಬೇಡಿ. ಊಟದ ಮೇಜಿನ ಮೇಲೆ ಬಾಳೆಹಣ್ಣಿನ ಚಿಪ್ಪಿನ ಪಕ್ಕ ಇಡುವುದು ಹಲವರ ಅಭ್ಯಾಸ. ಹಣ್ಣಾಗುವ ಬಾಳೆ, ಮಾವು ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಹೂ ಬೇಗ ಮುದುಡಲು ಅದೇ ಕಾರಣ. ಕಾರ್ನೇಷನ್ನಿಗಂತೂ ಅದು ತೀರಾ ಆಗದು.

ಇಷ್ಟಾದರೂ ಗುಲಾಬಿ ಕತ್ತು ಬಗ್ಗಿಸಿದರೆ ಎಸೆಯಬೇಡಿ. ತುದಿ ಕೊಯ್ದು, ಇಡೀ ದಂಟನ್ನು ಉಗುರು ಬೆಚ್ಚಗಿನ ನೀರಿನ ಅಗಲ ಪಾತ್ರೆಯಲ್ಲಿ ಒಂದು ಗಂಟೆ ಮಲಗಿಸಿ. ತೀರಾ ಹಳತಲ್ಲದ ಹೂ ಎಷ್ಟೋ ಸಲ ತಲೆಯೆತ್ತುತ್ತದೆ. ಸುಗಂಧರಾಜದಲ್ಲಿ ಕೆಳಗೆ ಬಾಡಿದ ಹೂಗಳನ್ನು ದಿನಾ ಬೆಳಿಗ್ಗೆ ಬಿಡಿಸಿ ತೆಗೆಯಿರಿ, ಮೇಲಿನ ಮೊಗ್ಗುಗಳು ಒಂದೊಂದಾಗಿ ಬಿರಿಯುತ್ತಾ ಹೋಗುತ್ತವೆ.